ಸರಣಿ ಮುಗಿದಾಗ ಅಭಿಮಾನಿ ಕಳೆದುಕೊಳ್ಳುವುದು ಏನನ್ನು?

ವರ್ಷಗಟ್ಟಲೆ ಕಾದು ನೋಡಿದ ಚಿತ್ರಸರಣಿಯೊಂದರ ಕೊನೆಯ ಭಾಗ ಮುಗಿದು, ಪರದೆಯ ಮೇಲೆ ತಂತ್ರಜ್ಞರ ಹೆಸರುಗಳು ಏರತೊಡಗಿದರೂ ಕೆಲವರು ಕುರ್ಚಿ ಬಿಟ್ಟು ಏಳುವುದಿಲ್ಲ. ಬಿಜೈಯಲ್ಲೋ ಪಾಂಡೇಶ್ವರದಲ್ಲೋ ಮಣಿಪಾಲದಲ್ಲೋ ಇರುವ ಮಲ್ಟಿಪ್ಲೆಕ್ಸ್‌ಗಳ ಸಿಬ್ಬಂದಿ ಪೊರಕೆ ಹಿಡಿದು ಬಾಗಿಲಲ್ಲಿ ಕಾಯುತ್ತಿರುವಾಗಲೂ ಕಣ್ಣೊರೆಸಿಕೊಳ್ಳುತ್ತ ಕುಳಿತಿರುವ ಇಪ್ಪತ್ತು, ಇಪ್ಪತ್ತೈದರ ಹರೆಯದವರನ್ನು ಅಂಥ ದಿನಗಳಲ್ಲಿ ಕಾಣಬಹುದು. ಮನೆಗೆ ಹೋದ ಮೇಲೆ ಅವರಿಗೆ ಎದುರಾಗುವ ಮಾತು ಸಾಮಾನ್ಯವಾಗಿ ಒಂದೇ: “ಎಂತ ಮಾರಾಯ, ಸಿನಿಮಾಕ್ಕೆಲ್ಲ ಅಳ್ಲಿಕ್ಕುಂಟಾ?” ಮಾತು ತಮಾಷೆಯದಾದರೂ ಪ್ರಶ್ನೆಯಲ್ಲಿ ಹುರುಳಿದೆ. ಚಿತ್ರ ಎಲ್ಲಿಗೂ ಹೋಗಿರುವುದಿಲ್ಲ. ಇಂದು ನೋಡಿದ್ದನ್ನು ನಾಳೆ ಮತ್ತೆ ಟಿಕೆಟ್ ಕೊಂಡು ನೋಡಬಹುದು, ಕೆಲವು ತಿಂಗಳ ಬಳಿಕ ಮೊಬೈಲಿನಲ್ಲೇ ನೋಡಬಹುದು. ಎಷ್ಟೋ ಸಲ ನಾಯಕನೂ ಸತ್ತಿರುವುದಿಲ್ಲ. ಗೆದ್ದು, ಮದುವೆಯಾಗಿ, ಮಕ್ಕಳೊಂದಿಗೆ ಸುಖವಾಗಿಯೇ ಇರುತ್ತಾನೆ. ಹಾಗಿದ್ದ ಮೇಲೆ ಈ ಅಳು ಯಾವ ನಷ್ಟಕ್ಕೆ?

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಕಳೆದುಹೋಗುವುದು ಕಾಯುವ ಅಭ್ಯಾಸ, ಮತ್ತು ಆ ಕಾಯುವಿಕೆಯ ಸುತ್ತ ಬೆಳೆದುಕೊಂಡಿದ್ದ ಬದುಕಿನ ಒಂದು ಭಾಗ. ಇದನ್ನು ಬಿಡಿಸಿ ಹೇಳುವುದಕ್ಕೆ ಮನಶ್ಶಾಸ್ತ್ರದ ಕೆಲವು ಅಧ್ಯಯನಗಳು ನೆರವಾಗುತ್ತವೆ. ಅವು ಮುಟ್ಟದ ಕೆಲವು ಎಡೆಗಳನ್ನು ನಮ್ಮ ರಸಸಿದ್ಧಾಂತವೂ ಕರಾವಳಿಯವರಿಗೆ ಚಿರಪರಿಚಿತವಾದ ಯಕ್ಷಗಾನದ ತಿರುಗಾಟವೂ ಬೆಳಗುತ್ತವೆ.

ಮೊದಲು ಒಂದು ಸ್ಪಷ್ಟ ಉದಾಹರಣೆಯನ್ನು ಮುಂದಿಟ್ಟುಕೊಳ್ಳೋಣ. ಹ್ಯಾರಿ ಪಾಟರ್ ಸರಣಿಯ ಮೊದಲ ಚಿತ್ರ ಬ್ರಿಟನ್ ಮತ್ತು ಅಮೆರಿಕಗಳಲ್ಲಿ ತೆರೆಕಂಡದ್ದು 2001ರ ನವೆಂಬರ್‌ನಲ್ಲಿ, ಎಂಟನೆಯದೂ ಕೊನೆಯದೂ ಆದ ಚಿತ್ರ ಬಂದದ್ದು 2011ರ ಜುಲೈಯಲ್ಲಿ. ಆದರೆ ಕಥೆಯ ಕೊನೆಯ ಪುಸ್ತಕ 2007ರ ಜುಲೈ 21ರಂದೇ ಹೊರಬಂದಿತ್ತು. ಎಂದರೆ 2011ರಲ್ಲಿ ಚಿತ್ರಮಂದಿರದಲ್ಲಿ ಕುಳಿತವರಲ್ಲಿ ಬಹಳಷ್ಟು ಮಂದಿಗೆ ಯಾರು ಸಾಯುತ್ತಾರೆ, ಯಾರು ಉಳಿಯುತ್ತಾರೆ, ಕೊನೆಯ ದೃಶ್ಯದಲ್ಲಿ ರೈಲು ನಿಲ್ದಾಣಕ್ಕೆ ಯಾರು ಬರುತ್ತಾರೆ ಎಂಬುದೆಲ್ಲ ನಾಲ್ಕು ವರ್ಷಗಳ ಹಿಂದೆಯೇ ಗೊತ್ತಿತ್ತು. ಪುಸ್ತಕ ಮುಗಿದಾಗ ಒಮ್ಮೆ ಅತ್ತವರೇ ಚಿತ್ರ ಮುಗಿದಾಗ ಇನ್ನೊಮ್ಮೆ ಅತ್ತರು. ಆದುದರಿಂದ ಈ ಅಳುವಿಗೆ ಕಥೆಯ ಸುದ್ದಿ ಕಾರಣವಲ್ಲ; ಅನಿರೀಕ್ಷಿತವಾದ ಯಾವ ಆಘಾತವೂ ಅಲ್ಲಿರಲಿಲ್ಲ.

ಅದೇ 2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೊ ಶಾಖೆಯ ಜೊನಾಥನ್ ಲೆವಿಟ್ ಮತ್ತು ನಿಕೊಲಸ್ ಕ್ರಿಸ್ಟೆನ್‌ಫೆಲ್ಡ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಕುತೂಹಲದ ಪ್ರಯೋಗವನ್ನು ಪ್ರಕಟಿಸಿದರು. ಸಣ್ಣಕಥೆಗಳ ಅಂತ್ಯವನ್ನು ಕೆಲವು ಓದುಗರಿಗೆ ಮೊದಲೇ ತಿಳಿಸಿ, ಬೇರೆ ಕೆಲವರಿಗೆ ತಿಳಿಸದೆ ಓದಿಸಿದಾಗ, ಅಂತ್ಯ ಗೊತ್ತಿದ್ದವರೇ ಕಥೆಯನ್ನು ತುಸು ಹೆಚ್ಚು ಮೆಚ್ಚಿದ್ದರು. ಅನಂತರ ನಡೆದ ಕೆಲವು ಅಧ್ಯಯನಗಳಲ್ಲಿ ಇದಕ್ಕೆ ವಿರುದ್ಧವಾದ ಫಲಿತಾಂಶವೂ ಬಂದಿರುವುದರಿಂದ ಇದನ್ನು ಸಿದ್ಧಾಂತವೆಂದು ಹಿಡಿಯಬೇಕಾಗಿಲ್ಲ. ನಮ್ಮ ಊರಿನವರಿಗಂತೂ ಈ ವಿಷಯದಲ್ಲಿ ಪ್ರಯೋಗದ ಅಗತ್ಯವೇ ಬೀಳದು. ಕರ್ಣಪರ್ವದ ಆಟಕ್ಕೆ ಹೋಗುವವರಲ್ಲಿ ರಥದ ಚಕ್ರ ಹೂಳುತ್ತದೆಂದು ಗೊತ್ತಿಲ್ಲದವರು ಯಾರೂ ಇಲ್ಲ. ಆದರೂ ಬೆಳಗಿನ ಜಾವ ಭಾಗವತರು ಪದ ಎತ್ತಿದಾಗ ಗಂಟಲು ಕಟ್ಟುತ್ತದೆ.

ಅಳುವಿನ ಮೂಲವನ್ನು ಹುಡುಕಲು ಮನಶ್ಶಾಸ್ತ್ರಜ್ಞರು ಸಾಮಾನ್ಯವಾಗಿ 1956ರಿಂದ ಆರಂಭಿಸುತ್ತಾರೆ. ಆ ವರ್ಷ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಇಬ್ಬರು ವಿದ್ವಾಂಸರು, ರೇಡಿಯೊ ಮತ್ತು ದೂರದರ್ಶನದಲ್ಲಿ ಕಾಣಿಸಿಕೊಳ್ಳುವವರ ಜೊತೆ ಪ್ರೇಕ್ಷಕರು ಬೆಳೆಸಿಕೊಳ್ಳುವ ಏಕಮುಖ ಆತ್ಮೀಯತೆಯನ್ನು ವಿವರಿಸಿ ಲೇಖನವೊಂದನ್ನು ಬರೆದರು. ಪ್ರೇಕ್ಷಕನಿಗೆ ಪಾತ್ರದ ಸ್ವಭಾವ, ನಗು, ಸಿಟ್ಟು, ದೌರ್ಬಲ್ಯ ಎಲ್ಲವೂ ಗೊತ್ತು. ಪಾತ್ರಕ್ಕೆ ಪ್ರೇಕ್ಷಕನ ಇರವೇ ಗೊತ್ತಿಲ್ಲ. ಆದರೂ ಮನಸ್ಸು ಆ ಸಂಬಂಧವನ್ನು ಸ್ನೇಹದ ಕಟ್ಟಿನಲ್ಲಿಯೇ ಇಡುತ್ತದೆ. ಇಂಥ ಸಂಬಂಧಗಳಿಗೆ ಪ್ಯಾರಾಸೋಷಿಯಲ್ ಸಂಬಂಧಗಳೆಂಬ ಹೆಸರು ಅಲ್ಲಿಂದ ಬಳಕೆಗೆ ಬಂತು. ಇದರಲ್ಲಿ ಕಾಯಿಲೆಯಂಥದ್ದೇನೂ ಇಲ್ಲ. ಮುಖ ನೋಡಿ, ಮಾತು ಕೇಳಿ ಮನುಷ್ಯರನ್ನು ಅರಿತುಕೊಳ್ಳುವ ನಮ್ಮ ಸಾಮರ್ಥ್ಯ ಪರದೆಯ ಮುಂದೆಯೂ ಕೆಲಸ ನಿಲ್ಲಿಸುವುದಿಲ್ಲ, ಅಷ್ಟೇ.

ಇಂಥ ಸಂಬಂಧ ಕಡಿದುಬಿದ್ದರೆ ಏನಾಗುತ್ತದೆಂಬುದನ್ನು ಇಸ್ರೇಲಿನ ಸಂಶೋಧಕ ಜೊನಾಥನ್ ಕೋಹೆನ್ ಪರಿಶೀಲಿಸಿದರು. ನಿಮ್ಮ ಮೆಚ್ಚಿನ ದೂರದರ್ಶನ ಪಾತ್ರ ಇನ್ನು ಮುಂದೆ ಬರುವುದಿಲ್ಲವೆಂದಾದರೆ ಎಷ್ಟು ದುಃಖವಾದೀತು ಎಂದು ವೀಕ್ಷಕರನ್ನು ಕೇಳಿ ಅವರು ನಡೆಸಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಪಾತ್ರದ ಮೇಲಿನ ಅಕ್ಕರೆ ಎಷ್ಟು ಗಾಢವೋ ನಿರೀಕ್ಷಿತ ದುಃಖವೂ ಅಷ್ಟು ಹೆಚ್ಚು ಎಂಬುದು ಅದರಲ್ಲಿ ಕಂಡುಬಂತು; ನಿಜಜೀವನದಲ್ಲಿಯೂ ‘ಇವರು ನನ್ನನ್ನು ಬಿಟ್ಟುಹೋಗುವರೇನೋ’ ಎಂಬ ಆತಂಕದಲ್ಲಿರುವವರಿಗೆ ಈ ದುಃಖ ಇನ್ನೂ ಹೆಚ್ಚು. ಅದೇ 2004ರ ಮೇ ತಿಂಗಳಲ್ಲಿ ಹತ್ತು ವರ್ಷ ಓಡಿದ ಫ್ರೆಂಡ್ಸ್ ಧಾರಾವಾಹಿ ಅಮೆರಿಕದಲ್ಲಿ ಕೊನೆಗೊಂಡಿತು. ಕೋಹೆನ್ ಮತ್ತು ಕೆರೆನ್ ಎಯಾಲ್ ಆ ಸಂದರ್ಭವನ್ನು ಬಳಸಿಕೊಂಡು ವಿದ್ಯಾರ್ಥಿಗಳಲ್ಲಿ ವಿಚಾರಿಸಿದಾಗ, ನಿಜವಾದ ಒಂದು ಅಂತ್ಯದ ಬಳಿಕವೂ ಬಹುಮಟ್ಟಿಗೆ ಅದೇ ಚಿತ್ರ ದೊರೆಯಿತು. ಒಂಟಿತನ ಹೆಚ್ಚಿದ್ದವರಿಗೆ ಅಗಲಿಕೆ ಹೆಚ್ಚು ತಟ್ಟಿತ್ತು. ಜೊತೆಗೆ ಒಂದು ಸಮಾಧಾನದ ಸಂಗತಿ: ನಿಜಜೀವನದ ಸಂಬಂಧ ಮುರಿದಾಗ ಆಗುವ ನೋವಿಗಿಂತ ಈ ನೋವು ಗುಣದಲ್ಲಿ ಅದರಂತೆಯೇ ಇದ್ದರೂ ಪ್ರಮಾಣದಲ್ಲಿ ಕಡಿಮೆ.

ಈ ವಿವರಣೆ ಸರಿಯಾದದ್ದೇ, ಆದರೆ ಅಪೂರ್ಣವೆಂದು ನನಗೆ ತೋರುತ್ತದೆ. ಗೆಳೆಯ ಊರು ಬಿಟ್ಟರೆ ಅವನ ಮುಖ ಕಾಣಿಸದು. ಚಿತ್ರದ ಪಾತ್ರವಾದರೋ ಕರೆದಾಗಲೆಲ್ಲ ಬರುತ್ತದೆ, ಅದೇ ವಯಸ್ಸಿನಲ್ಲಿ, ಅದೇ ಅಂಗಿಯಲ್ಲಿ. ಪಾತ್ರವೇ ನಮಗೆ ಬೇಕಾಗಿದ್ದುದಾಗಿದ್ದರೆ ಸರಣಿಯ ಅಂತ್ಯ ನಮ್ಮನ್ನು ಬಾಧಿಸಬೇಕಾಗಿರಲಿಲ್ಲ. ಮುಗಿಯುವುದು ಆ ಪಾತ್ರದ ನಾಳೆ. ಇನ್ನು ಅದರ ಬಗ್ಗೆ ಹೊಸದೇನೂ ತಿಳಿಯುವುದಿಲ್ಲ, ಊಹಿಸಿ ತಪ್ಪುವುದಕ್ಕೂ ಅವಕಾಶವಿಲ್ಲ. ಸರಣಿಯೊಂದು ಬಿಡಿ ಚಿತ್ರಕ್ಕಿಂತ ಭಿನ್ನವಾಗುವುದು ಇಲ್ಲಿಯೇ. ಬಿಡಿ ಚಿತ್ರ ಎರಡೂವರೆ ಗಂಟೆಯಲ್ಲಿ ತನ್ನ ಕೆಲಸ ಮುಗಿಸುತ್ತದೆ. ಸರಣಿಯಾದರೋ ತೆರೆಯ ಮೇಲಿರುವುದಕ್ಕಿಂತ ಹೆಚ್ಚು ಕಾಲ ತೆರೆಯ ಹೊರಗೆ ಬದುಕುತ್ತದೆ. ಹ್ಯಾರಿ ಪಾಟರ್‌ನ ಎಂಟು ಚಿತ್ರಗಳನ್ನು ಒಟ್ಟಿಗೆ ಸೇರಿಸಿದರೆ ಸುಮಾರು ಇಪ್ಪತ್ತು ಗಂಟೆಯಾದೀತು. ಅದನ್ನು ನೋಡಲು ಪ್ರೇಕ್ಷಕರಿಗೆ ಹಿಡಿದದ್ದು ಸುಮಾರು ಹತ್ತು ವರ್ಷ. ಉಳಿದ ಕಾಲವೆಲ್ಲ ಕಾಯುವಿಕೆ, ಚರ್ಚೆ, ಊಹೆ, ಹಳೆಯ ಭಾಗಗಳ ಮರುವೀಕ್ಷಣೆ. ಅಭಿಮಾನವೆಂಬುದು ಮುಖ್ಯವಾಗಿ ಬೆಳೆಯುವುದು ಈ ನಡುವಿನ ಬಿಡುವಿನಲ್ಲಿ.

ಈ ಕಾಯುವಿಕೆಯನ್ನು ಲೆಕ್ಕ ಹಾಕಿ ಬೆಳೆಸಿದವರೆಂದರೆ ಮಾರ್ವೆಲ್ ಸಂಸ್ಥೆಯವರು. 2008ರ ಐರನ್ ಮ್ಯಾನ್‌ನಿಂದಲೇ ಅವರು ಹೆಸರುಗಳೆಲ್ಲ ಏರಿ ಮುಗಿದ ಮೇಲೆ ಪುಟ್ಟದೊಂದು ದೃಶ್ಯವನ್ನಿಟ್ಟು, ಮುಂದೆ ಬರಲಿರುವುದರ ಸುಳಿವು ಕೊಡುವ ಪದ್ಧತಿಯನ್ನು ಹಾಕಿಕೊಂಡರು. ಪರಿಣಾಮವಾಗಿ ಪ್ರಪಂಚದಾದ್ಯಂತ ಒಂದು ಪೀಳಿಗೆಯೇ ದೀಪ ಹೊತ್ತಿದರೂ ಕುಳಿತಿರುವುದನ್ನು ಕಲಿಯಿತು. ಆ ಸಾಲಿನ ಇಪ್ಪತ್ತೆರಡನೆಯ ಚಿತ್ರವಾದ ಅವೆಂಜರ್ಸ್: ಎಂಡ್‌ಗೇಮ್ 2019ರ ಏಪ್ರಿಲ್ 26ರಂದು ಬಿಡುಗಡೆಯಾದಾಗ, ಮೂರು ಗಂಟೆಯ ಮೇಲೊಂದು ನಿಮಿಷದ ಆ ಚಿತ್ರದ ಕೊನೆಯಲ್ಲಿ ಮೂಲ ಆರು ನಟರ ಹೆಸರುಗಳು ಅವರವರ ಸಹಿಯೊಂದಿಗೆ ಬಂದವು. ಆಮೇಲೆ ಜನ ಎಂದಿನಂತೆ ಕಾದರು. ದೃಶ್ಯವೇನೂ ಬರಲಿಲ್ಲ; ಕಬ್ಬಿಣದ ಮೇಲೆ ಸುತ್ತಿಗೆ ಬಡಿಯುವ ಸದ್ದು ಮಾತ್ರ ಕೇಳಿಸಿತು. ಹನ್ನೊಂದು ವರ್ಷಗಳ ಹಿಂದೆ ಮೊದಲ ಚಿತ್ರದಲ್ಲಿ ನಾಯಕ ಗುಹೆಯೊಳಗೆ ತನ್ನ ಮೊದಲ ಕವಚವನ್ನು ಬಡಿದು ರೂಪಿಸುವಾಗ ಕೇಳಿಸಿದ್ದ ಸದ್ದು ಅದು. ಅದೇ ನಾಯಕ ಈ ಚಿತ್ರದಲ್ಲಿ ಪ್ರಾಣ ಬಿಟ್ಟಾಗ ಅಳದೆ ತಡೆದುಕೊಂಡಿದ್ದವರಲ್ಲಿ ಕೆಲವರು ಈ ಸದ್ದಿಗೆ ಅತ್ತರೆಂದು ಹೇಳಿದರೆ ನಾನು ನಂಬುತ್ತೇನೆ. ಸಾವು ಕಥೆಯ ಒಳಗಿನದು. ಮುಂದೆ ಕಾಯುವುದಕ್ಕೆ ಏನೂ ಇಲ್ಲವೆಂಬ ಅರಿವಾದರೋ ಕುರ್ಚಿಯಲ್ಲಿ ಕುಳಿತವನ ಬದುಕಿಗೆ ಸೇರಿದ್ದು.

ಕಾಯುವಿಕೆ ಒಬ್ಬರದೇ ಆಗಿರುವುದಿಲ್ಲ ಎಂಬುದನ್ನೂ ಇಲ್ಲಿ ಸೇರಿಸಬೇಕು. ನಮ್ಮ ಕಡೆಯ ಕಾಲೇಜು ಹುಡುಗ ಹುಡುಗಿಯರಿಗೆ ಹೊಸ ಭಾಗ ಬರುತ್ತದೆಯೆಂದರೆ ಅದೊಂದು ಸಣ್ಣ ಹಬ್ಬ: ಮೊದಲ ದಿನದ ಟಿಕೆಟ್ ಕಾಯ್ದಿರಿಸುವ ಹೊಣೆ ಒಬ್ಬರಿಗೆ, ಮನೆಯಲ್ಲಿ ಒಪ್ಪಿಗೆ ಪಡೆಯುವ ಉಪಾಯ ಇನ್ನೊಬ್ಬರಿಗೆ, ಸುರತ್ಕಲ್‌ನಿಂದಲೋ ಉಳ್ಳಾಲದಿಂದಲೋ ಸಿಟಿ ಬಸ್ಸಿನಲ್ಲಿ ಬಂದು ಸೇರುವುದು, ಚಿತ್ರ ಬಿಟ್ಟ ಮೇಲೆ ಗಡ್‌ಬಡ್ ತಿನ್ನುತ್ತ ಮುಂದಿನ ಭಾಗದಲ್ಲಿ ಏನಾದೀತೆಂದು ವಾದಿಸುವುದು. ವರ್ಷ ಕಳೆದಂತೆ ಆ ಗುಂಪಿನಲ್ಲಿ ಒಬ್ಬ ಬೆಂಗಳೂರಿಗೆ, ಒಬ್ಬಳು ಪುಣೆಗೆ, ಮತ್ತೊಬ್ಬ ದುಬೈಗೆ ಹೋಗಿರುತ್ತಾರೆ. ಕರಾವಳಿಯ ಮನೆಗಳಲ್ಲಿ ಇದು ಹೇಳಿಕೇಳುವ ವಿಷಯವೇ ಅಲ್ಲ. ಚದುರಿದವರನ್ನು ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಮಾತಿಗೆ ಎಳೆಯುತ್ತಿದ್ದದ್ದು ಮುಂದಿನ ಭಾಗ. ಕೊನೆಯ ಭಾಗ ಮುಗಿದರೆ ಸ್ನೇಹವೇನೂ ಮುಗಿಯುವುದಿಲ್ಲ, ಆದರೆ ಫೋನ್ ಮಾಡುವುದಕ್ಕಿದ್ದ ನೆಪವೊಂದು ಇಲ್ಲವಾಗುತ್ತದೆ.

ಒಟ್ಟಿಗೆ ಕುಳಿತು ದುಃಖದ ಚಿತ್ರ ನೋಡುವುದರ ಪರಿಣಾಮವನ್ನು ಆಕ್ಸ್‌ಫರ್ಡ್‌ನ ರಾಬಿನ್ ಡನ್‌ಬಾರ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಅಳೆಯಲು ಯತ್ನಿಸಿದ್ದಾರೆ. ಒಂದು ಗುಂಪಿಗೆ ಮನಕಲಕುವ ಚಿತ್ರವನ್ನೂ ಇನ್ನೊಂದಕ್ಕೆ ಸಾಧಾರಣ ಸಾಕ್ಷ್ಯಚಿತ್ರಗಳನ್ನೂ ತೋರಿಸಿ, ಮೊದಲೂ ಅನಂತರವೂ ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಿಲ್ಲದೆ ಕುಳಿತ ಭಂಗಿಯಲ್ಲಿ ಎಷ್ಟು ಹೊತ್ತು ನೋವು ತಡೆಯಬಲ್ಲರೆಂದು ನೋಡಿದರು. ಮನಕಲಕುವ ಚಿತ್ರ ನೋಡಿದವರಲ್ಲಿ ನೋವು ತಡೆಯುವ ಶಕ್ತಿ ಹೆಚ್ಚಿತ್ತು, ಜೊತೆಗೆ ಕುಳಿತ ಅಪರಿಚಿತರ ಬಗ್ಗೆ ‘ನಮ್ಮವರು’ ಎಂಬ ಭಾವವೂ ಹೆಚ್ಚಿತ್ತು. ಮೆದುಳಿನಲ್ಲಿ ಸ್ರವಿಸುವ ಎಂಡಾರ್ಫಿನ್‌ಗಳು ಇದಕ್ಕೆ ಕಾರಣವಿರಬೇಕೆಂಬುದು ಅವರ ವಾದ. ಚಿತ್ರಮಂದಿರದ ಕತ್ತಲೆಯಲ್ಲಿ ಅತ್ತದ್ದು ಮನೆಯ ಸೋಫಾದಲ್ಲಿ ಅತ್ತದ್ದಕ್ಕಿಂತ ಬೇರೆಯಾಗಿ ನೆನಪಿನಲ್ಲಿ ಉಳಿಯುವುದೇಕೆ ಎಂಬುದಕ್ಕೆ ಇದರಲ್ಲಿ ಒಂದು ಸುಳಿವಿದೆ.

ಇನ್ನು ವಯಸ್ಸಿನ ಪ್ರಶ್ನೆ. ಮಧ್ಯವಯಸ್ಸು ದಾಟಿದವರನ್ನು ಬದುಕಿನ ನೆನಪುಗಳನ್ನು ಹೇಳಿರೆಂದು ಕೇಳಿದರೆ, ಸುಮಾರು ಹತ್ತರಿಂದ ಮೂವತ್ತರ ನಡುವಿನ ವಯಸ್ಸಿನ ನೆನಪುಗಳೇ ಹೆಚ್ಚಾಗಿ ಬರುತ್ತವೆ ಎಂಬುದು ಸ್ಮೃತಿಯ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದ ಸಂಗತಿ. ಮೊದಲ ಸಲದ ಅನುಭವಗಳು ದಟ್ಟವಾಗಿರುವ ಕಾಲವದು. ದೊಡ್ಡ ಚಿತ್ರಸರಣಿಗಳು ಸಾಮಾನ್ಯವಾಗಿ ಈ ಕಾಲಕ್ಕೇ ತಾಕುತ್ತವೆ. ಡೇನಿಯಲ್ ರ‍್ಯಾಡ್‌ಕ್ಲಿಫ್ ಹ್ಯಾರಿಯ ಪಾತ್ರಕ್ಕೆ ಆಯ್ಕೆಯಾದಾಗ ಅವನಿಗೆ ಹನ್ನೊಂದು ವರ್ಷ. ಕೊನೆಯ ಚಿತ್ರ ತೆರೆಕಾಣುವಾಗ ಇಪ್ಪತ್ತೆರಡು ತುಂಬಲು ಕೆಲವೇ ದಿನಗಳಿದ್ದವು. ಅವನ ಓರಗೆಯ ಪ್ರೇಕ್ಷಕರು ಅವನ ಸ್ವರ ಒಡೆಯುವುದನ್ನೂ ಎತ್ತರವಾಗುವುದನ್ನೂ ಕಂಡರು, ತಾವೂ ಹಾಗೆಯೇ ಆದರು. ಏಳನೆಯ ತರಗತಿಯಲ್ಲಿ ಮೊದಲ ಭಾಗ, ಎಸ್ಸೆಸ್ಸೆಲ್ಸಿಯ ವರ್ಷ ಮೂರನೆಯದು, ಪಿಯುಸಿ ಫಲಿತಾಂಶದ ಹೊತ್ತಿಗೆ ಇನ್ನೊಂದು, ಮೊದಲ ಕೆಲಸ ಸಿಕ್ಕ ವರ್ಷ ಕೊನೆಯದು ಎಂಬಂತೆ ಬದುಕಿನ ಕಾಲಗಣನೆಯೇ ಚಿತ್ರಗಳೊಂದಿಗೆ ಹೆಣೆದುಕೊಂಡಿರುತ್ತದೆ. ಕೊನೆಯ ಚಿತ್ರ ಮುಗಿಯಿತೆಂದರೆ ಬಾಲ್ಯ ಮುಗಿಯಿತೆಂಬುದಕ್ಕೆ ಹೊರಗಿನಿಂದ ಒಂದು ಮುದ್ರೆ ಬಿದ್ದಂತೆ. ನಿಜವಾದ ಬಾಲ್ಯ ಎಂದೋ ಸದ್ದಿಲ್ಲದೆ ಮುಗಿದಿರುತ್ತದೆ. ಅದಕ್ಕಾಗಿ ಅಳಲು ಒಂದು ನಿಶ್ಚಿತ ದಿನ ಸಿಕ್ಕಿರುವುದಿಲ್ಲ.

ನಮ್ಮ ಕಾವ್ಯಮೀಮಾಂಸೆ ಇಲ್ಲಿ ಒಂದು ಸೂಕ್ಷ್ಮವನ್ನು ಹೇಳಿಕೊಡುತ್ತದೆ. ರಂಗದ ಮೇಲಿನ ಶೋಕ ನಮಗೇಕೆ ಆಸ್ವಾದ್ಯವಾಗುತ್ತದೆ ಎಂಬ ಪ್ರಶ್ನೆಗೆ ಭಟ್ಟನಾಯಕನೂ, ಅವನ ಬಳಿಕ ಅಭಿನವಗುಪ್ತನೂ ಸಾಧಾರಣೀಕರಣವೆಂಬ ಉತ್ತರ ಕೊಟ್ಟರು. ನಾಟಕದ ದುಃಖ ಇಂಥವನದೇ ಎಂಬ ಅಂಟಿನಿಂದ ಬಿಡಿಸಿಕೊಂಡು ಎಲ್ಲರದೂ ಆಗುತ್ತದೆ; ಆದುದರಿಂದ ಅದು ಲೋಕದ ಶೋಕವಾಗಿ ಸುಡದೆ ಕರುಣರಸವಾಗಿ ಅನುಭವಕ್ಕೆ ಬರುತ್ತದೆ. ರಸಾನುಭವಕ್ಕೆ ಅಡ್ಡಿಯಾಗುವ ಏಳು ವಿಘ್ನಗಳನ್ನೂ ಅಭಿನವಗುಪ್ತ ಹೇಳುತ್ತಾನೆ, ಅವುಗಳಲ್ಲಿ ಒಂದು ಪ್ರೇಕ್ಷಕ ತನ್ನ ಸ್ವಂತ ಸುಖದುಃಖಗಳಲ್ಲಿ ಮುಳುಗಿಹೋಗಿರುವುದು. ಸರಣಿಯ ಕೊನೆಯಲ್ಲಿ ಅಳುವ ಅಭಿಮಾನಿಯನ್ನು ಈ ಅಳತೆಗೋಲಿನಿಂದ ನೋಡಿದರೆ ಅವನ ಕಣ್ಣೀರಿನಲ್ಲಿ ಎರಡು ಧಾರೆಗಳು ಬೆರೆತಿರುವುದು ಕಾಣುತ್ತದೆ. ನಾಯಕನ ತ್ಯಾಗಕ್ಕೆ ಬಂದದ್ದು ಕರುಣ. ತನ್ನ ಹತ್ತು ವರ್ಷಗಳಿಗೆ ಬಂದದ್ದು ಶುದ್ಧ ಲೌಕಿಕ ಶೋಕ. ಶಾಸ್ತ್ರದ ಪ್ರಕಾರ ಎರಡನೆಯದು ವಿಘ್ನವೇ. ಆದರೆ ಒಂದೇ ಸಂಜೆಯಲ್ಲಿ ಮುಗಿಯುವ ನಾಟಕವನ್ನು ಕಣ್ಣ ಮುಂದಿಟ್ಟುಕೊಂಡು ಹೇಳಿದ ಮಾತದು. ಪ್ರೇಕ್ಷಕನ ಆಯುಷ್ಯದ ಒಂದು ಪಾಲನ್ನೇ ತನ್ನೊಳಗೆ ಸೇರಿಸಿಕೊಳ್ಳುವ ಕಲೆಗೆ ಅದನ್ನು ಹಾಗೆಯೇ ಅನ್ವಯಿಸಲಾಗದು. ಸರಣಿ ಈ ವಿಘ್ನವನ್ನು ನಿವಾರಿಸುವುದಿಲ್ಲ. ಅದನ್ನೇ ಬಂಡವಾಳ ಮಾಡಿಕೊಳ್ಳುತ್ತದೆ.

ಅಂತ್ಯವನ್ನು ಹೇಗೆ ನಿಭಾಯಿಸಬೇಕೆಂಬುದನ್ನು ನಮ್ಮ ಜಿಲ್ಲೆಗಳು ಬೇರೊಂದು ದಾರಿಯಲ್ಲಿ ಕಂಡುಕೊಂಡಿವೆ. ದೀಪಾವಳಿಯ ಆಸುಪಾಸಿನಿಂದ ಊರೂರು ಸುತ್ತುವ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸುವುದು ಪತ್ತನಾಜೆಗೆ, ಎಂದರೆ ತುಳುವರ ಬೇಶ ತಿಂಗಳ ಹತ್ತನೆಯ ದಿನ. ಸಾಮಾನ್ಯವಾಗಿ ಅದು ಮೇ 24 ಅಥವಾ 25ಕ್ಕೆ ಬೀಳುತ್ತದೆ. ಅಂದು ಕಲಾವಿದರು ದೇವರ ಸನ್ನಿಧಿಯಲ್ಲಿ ಸೇವೆಯಾಟ ಆಡಿ ಗೆಜ್ಜೆ ಬಿಚ್ಚುತ್ತಾರೆ. ಆರು ತಿಂಗಳ ಕಾಲ ಪ್ರತಿರಾತ್ರಿ ಕೇಳುತ್ತಿದ್ದ ಚೆಂಡೆಯ ಸದ್ದು ನಿಲ್ಲುತ್ತದೆ, ನೇಮ ಕೋಲಗಳೂ ನಿಲ್ಲುತ್ತವೆ, ಮಳೆ ಬರುತ್ತದೆ. ಇಲ್ಲಿ ಅಂತ್ಯಕ್ಕೊಂದು ತಿಥಿಯಿದೆ, ವಿಧಿಯಿದೆ, ಅದಕ್ಕಿಂತ ಹೆಚ್ಚಾಗಿ ಮರಳುವ ಭರವಸೆಯಿದೆ. ಆಟದ ಹುಚ್ಚಿನವರಿಗೆ ಮಳೆಗಾಲದಲ್ಲಿ ತಾಳಮದ್ದಳೆಯ ಆಸರೆಯೂ ಇದೆ. ಪ್ರತಿ ಆಟವೂ ಮಂಗಳದೊಂದಿಗೆ ಮುಗಿಯುತ್ತದೆ. ಇಂದು ಸತ್ತ ಕರ್ಣ ನಾಳೆ ಬೇರೆ ಬಯಲಿನಲ್ಲಿ, ಬೇರೆ ವೇಷಧಾರಿಯ ಬಾಯಲ್ಲಿ, ಹೊಸ ಮಾತುಗಳೊಂದಿಗೆ ಮತ್ತೆ ಎದ್ದು ನಿಲ್ಲುತ್ತಾನೆ. ಕಟೀಲು, ಮಂದಾರ್ತಿ ಮೇಳಗಳ ಹರಕೆಯಾಟಕ್ಕೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುವ ಮನೆಗಳಿವೆ. ಅವರ ಕಾಯುವಿಕೆ ಎಂದೂ ಬರಿದಾಗದು, ಏಕೆಂದರೆ ಕಾದದ್ದು ಕಥೆಯ ಮುಂದುವರಿಕೆಗಲ್ಲ.

ಯಕ್ಷಗಾನದ ಅಭಿಮಾನಿಗೆ ತೀರದ ನಷ್ಟವಾಗುವುದು ಕಲಾವಿದ ಹೋದಾಗ. ಬಡಗುತಿಟ್ಟಿನ ಭಾಗವತ ಕಾಳಿಂಗ ನಾವಡರು 1990ರಲ್ಲಿ ಇನ್ನೂ ಎಳೆಯ ವಯಸ್ಸಿನಲ್ಲಿ ಅಪಘಾತಕ್ಕೆ ಬಲಿಯಾದಾಗ ಪ್ರಸಂಗಗಳೆಲ್ಲ ಇದ್ದಲ್ಲೇ ಇದ್ದವು, ಹಾಡುವವರೂ ಇದ್ದರು. ಹೋದದ್ದು ಆ ಕಂಠ. ಕುಂದಾಪುರದ ಕಡೆ ಅವರ ಧ್ವನಿಮುದ್ರಣಗಳನ್ನು ಇಂದಿಗೂ ಹಾಕಿ ಕೇಳುವವರಿದ್ದಾರೆ. ಸಿನಿಮಾ ಸರಣಿಗಳಿಗೂ ಇಂಥ ಎರಡನೆಯ ಅಂತ್ಯವೊಂದಿದೆ. ಹ್ಯಾರಿ ಪಾಟರ್‌ನ ನಟರಲ್ಲಿ ಅಲನ್ ರಿಕ್‌ಮನ್ 2016ರಲ್ಲಿ, ರಾಬಿ ಕೋಲ್ಟ್ರೇನ್ 2022ರಲ್ಲಿ, ಮೈಕೆಲ್ ಗ್ಯಾಂಬನ್ 2023ರಲ್ಲಿ, ಮ್ಯಾಗಿ ಸ್ಮಿತ್ 2024ರಲ್ಲಿ ತೀರಿಕೊಂಡರು. ಪ್ರತಿ ಸಲವೂ ಮುಗಿದ ಸರಣಿ ಇನ್ನಷ್ಟು ಮುಗಿದಂತಾಯಿತು.

ಮನೆಯ ಹಿರಿಯರು ನಗುವುದೇಕೆಂಬುದನ್ನು ವಿವರಿಸಲು ಅಮೆರಿಕದ ಕೆನೆತ್ ಡೋಕಾ 1989ರಲ್ಲಿ ವಿಸ್ತರಿಸಿದ ಪರಿಕಲ್ಪನೆಯೊಂದು ಸಾಕು. ಸಮಾಜ ದುಃಖವೆಂದು ಒಪ್ಪಿಕೊಳ್ಳದ ದುಃಖಗಳಿವೆ ಎನ್ನುತ್ತಾರವರು. ಸಾಕಿದ ನಾಯಿಯ ಸಾವು ಅಂಥದ್ದು. ಸೂತಕವಿಲ್ಲ, ಸಾಂತ್ವನಕ್ಕೆ ಬರುವವರಿಲ್ಲ, ರಜೆಯಂತೂ ಇಲ್ಲವೇ ಇಲ್ಲ. ಒಪ್ಪಿಗೆ ಸಿಗದ ದುಃಖಕ್ಕೆ ನಾಚಿಕೆಯೂ ಸೇರಿಕೊಳ್ಳುವುದರಿಂದ ಅದು ಇನ್ನೂ ಭಾರವಾಗುತ್ತದೆ. ಆದರೆ ನಗುವ ಹಿರಿಯರಿಗೆ ಅವರದೇ ಕಾಲವನ್ನು ನೆನಪಿಸುವುದು ಅನ್ಯಾಯವಾಗದು. 1987ರ ಜನವರಿ 25ರಿಂದ 1988ರ ಜುಲೈ 31ರವರೆಗೆ ದೂರದರ್ಶನದಲ್ಲಿ ರಮಾನಂದ ಸಾಗರರ ರಾಮಾಯಣ ಪ್ರಸಾರವಾದಾಗ ಭಾನುವಾರ ಬೆಳಿಗ್ಗೆ ರಸ್ತೆಗಳು ಬರಿದಾಗುತ್ತಿದ್ದವು, ಟಿವಿಗೆ ಹೂ ಮುಡಿಸಿದ ಮನೆಗಳಿದ್ದವು. ಪಟ್ಟಾಭಿಷೇಕದೊಂದಿಗೆ ಕಥೆ ನಿಲ್ಲುತ್ತದೆ ಎಂದಾದಾಗ ಪಂಜಾಬಿನ ಜಲಂಧರ್‌ನಲ್ಲಿ ಪೌರಕಾರ್ಮಿಕರು ಉತ್ತರಕಾಂಡವೂ ಬೇಕೆಂದು ಮುಷ್ಕರ ಹೂಡಿದರು. ಮುಷ್ಕರ ಉತ್ತರ ಭಾರತದ ಬೇರೆ ನಗರಗಳಿಗೂ ಹಬ್ಬಿತು. ಅವರ ಬೇಡಿಕೆಯ ಹಿಂದೆ ವಾಲ್ಮೀಕಿಯ ಮೇಲಿನ ಭಕ್ತಿಯಿತ್ತು, ತಮ್ಮ ಸಮುದಾಯದ ಗೌರವದ ಪ್ರಶ್ನೆಯಿತ್ತು. ಅದನ್ನು ಸಿನಿಮಾ ಅಭಿಮಾನದೊಂದಿಗೆ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೂ ಕಥೆಯೊಂದು ಎಲ್ಲಿ ನಿಲ್ಲಬೇಕೆಂಬುದು ನೋಡುವವರ ಹಕ್ಕಿಗೂ ಸೇರಿದ ವಿಷಯವೆಂಬ ಭಾವನೆ ಹೊಸ ಪೀಳಿಗೆಯ ಸೃಷ್ಟಿಯಲ್ಲ. ಮುಂದೆ ಉತ್ತರಕಾಂಡವೂ ಧಾರಾವಾಹಿಯಾಗಿ ಬಂದೇ ಬಂತು.

ಇಲ್ಲಿಯವರೆಗೆ ಹೇಳಿದ್ದು ಮೆಚ್ಚುಗೆಯಾದ ಅಂತ್ಯಗಳ ವಿಷಯ. ಅಂತ್ಯ ಕೆಟ್ಟರೆ ದುಃಖದ ಜಾಗದಲ್ಲಿ ಕೋಪ ಕೂರುತ್ತದೆ. ಆರ್ಥರ್ ಕಾನನ್ ಡಾಯ್ಲ್ 1893ರ ಡಿಸೆಂಬರ್‌ನಲ್ಲಿ ಪ್ರಕಟವಾದ ಕಥೆಯಲ್ಲಿ ಷರ್ಲಾಕ್ ಹೋಮ್ಸ್‌ನನ್ನು ಜಲಪಾತಕ್ಕೆ ಬೀಳಿಸಿ ಕೈತೊಳೆದುಕೊಂಡಾಗ ಓದುಗರು ಸಿಟ್ಟಿನ ಪತ್ರಗಳನ್ನು ಬರೆದರು. ಹತ್ತು ವರ್ಷಗಳ ಬಳಿಕ, 1903ರಲ್ಲಿ, ಲೇಖಕ ಅವನನ್ನು ಬದುಕಿಸಿ ತರಬೇಕಾಯಿತು. ಗೇಮ್ ಆಫ್ ಥ್ರೋನ್ಸ್ ಧಾರಾವಾಹಿ 2019ರಲ್ಲಿ ಮುಗಿದಾಗ ಎಂಟನೆಯದೂ ಕೊನೆಯದೂ ಆದ ಭಾಗವನ್ನು ಮತ್ತೆ ಬರೆಸಿ ಚಿತ್ರಿಸಬೇಕೆಂಬ ಮನವಿಗೆ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಸಹಿ ಹಾಕಿದರು. ಏಳು ಸಲ ಸಂತೋಷ ಕೊಟ್ಟದ್ದನ್ನು ಎಂಟನೆಯ ಸಲಕ್ಕಾಗಿ ಬಯ್ಯುವುದು ಅವಿವೇಕವೆಂದು ತೋರಬಹುದು, ಆದರೆ ನೆನಪಿನ ಸ್ವಭಾವವೇ ಹಾಗೆ. ಡೇನಿಯಲ್ ಕಾನಮನ್ ಮತ್ತು ಸಹೋದ್ಯೋಗಿಗಳು 1993ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರು ಒಮ್ಮೆ 14 ಡಿಗ್ರಿ ಸೆಲ್ಸಿಯಸ್‌ನ ತಣ್ಣೀರಿನಲ್ಲಿ 60 ಸೆಕೆಂಡು ಕೈಯಿಟ್ಟರು. ಇನ್ನೊಮ್ಮೆ ಅಷ್ಟೇ ಹೊತ್ತು ಇಟ್ಟು, ನೀರು ನಿಧಾನವಾಗಿ 15 ಡಿಗ್ರಿಗೆ ಏರುತ್ತಿದ್ದಂತೆ ಮತ್ತೂ 30 ಸೆಕೆಂಡು ಇಟ್ಟರು. ಮೂರನೆಯ ಸಲಕ್ಕೆ ಯಾವುದು ಬೇಕೆಂದಾಗ ಹೆಚ್ಚಿನವರು ದೀರ್ಘವಾದದ್ದನ್ನೇ ಆರಿಸಿದರು. ಒಟ್ಟು ನೋವು ಎಷ್ಟೆಂಬುದಕ್ಕಿಂತ ಅತಿ ತೀವ್ರವಾದ ಕ್ಷಣ ಮತ್ತು ಕೊನೆಯ ಕ್ಷಣ ಎರಡೂ ನೆನಪನ್ನು ಆಳುತ್ತವೆ ಎಂಬುದು ಇದರಿಂದ ತೆಗೆದ ತೀರ್ಮಾನ. ಕೊನೆ ಕೆಟ್ಟಾಗ ಅಭಿಮಾನಿಗೆ ಮೋಸವಾಯಿತೆನ್ನಿಸುವುದು ಈ ಕಾರಣದಿಂದ: ಹಿಂದಿನ ಕಾಯುವಿಕೆಯ ಬೆಲೆಯೇ ಹಿಂದಕ್ಕೆ ಹೋಗಿ ಇಳಿದುಬಿಡುತ್ತದೆ.

ಮುಗಿಯಿತೆಂದು ಹೇಳಿ ಮುಗಿಸದಿರುವುದು ಇನ್ನೊಂದು ಸಂಕಟ. ಟಾಯ್ ಸ್ಟೋರಿ 2010ರ ಮೂರನೆಯ ಚಿತ್ರದಲ್ಲಿ ಅತ್ಯಂತ ಹದವಾಗಿ ವಿದಾಯ ಹೇಳಿ, 2019ರಲ್ಲಿ ನಾಲ್ಕನೆಯದರೊಂದಿಗೆ ಮರಳಿತು. ಬಾಂಡ್ ಸರಣಿಯಲ್ಲಿ ನಟ ಮುಗಿಯುತ್ತಾನೆ, ಪಾತ್ರ ಮುಗಿಯುವುದಿಲ್ಲ. ನಮ್ಮ ಕರಾವಳಿಯ ನೆಲದಲ್ಲೇ ಹುಟ್ಟಿದ ಕಾಂತಾರ 2022ರಲ್ಲಿ ಬಂದು, 2025ರಲ್ಲಿ ಅದರ ಮುಂದಿನ ಚಿತ್ರ ಬಂದಾಗ ಕಥೆ ಮುಂದಕ್ಕೆ ಹೋಗದೆ ಹಿಂದಿನ ಕಾಲಕ್ಕೆ ಸರಿಯಿತು. ಹೀಗೆ ಹಿಂದಕ್ಕೆ ಹೋಗುವುದರಲ್ಲಿ ಒಂದು ಜಾಣತನವಿದೆ: ಮೊದಲಿನ ಅಂತ್ಯವನ್ನು ಕದಲಿಸದೆ ಕಾಯುವಿಕೆಯನ್ನು ಮಾತ್ರ ಮರಳಿಸಬಹುದು. ಆದರೆ ಸತ್ತವರನ್ನು ಎಬ್ಬಿಸಿ, ಮುಗಿದದ್ದನ್ನು ಮತ್ತೆ ತೆರೆಯುವ ಸರಣಿಗಳ ಮುಂದಿನ ಅಂತ್ಯವನ್ನು ಯಾರೂ ಪೂರ್ತಿಯಾಗಿ ನಂಬುವುದಿಲ್ಲ. ಮುಕ್ತಾಯದ ದುಃಖವನ್ನು ತಪ್ಪಿಸಿದಂತೆ ತೋರುವ ಆ ವ್ಯವಹಾರದಲ್ಲಿ ದುಃಖಪಡುವ ಅವಕಾಶವೂ ಕೈತಪ್ಪುತ್ತದೆ.

ಬಹುಮಂದಿಯಲ್ಲಿ ಈ ಖಿನ್ನತೆ ಕೆಲವು ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಜೊತೆಗೆ ನೋಡಿದವರೊಂದಿಗೆ ಮಾತನಾಡುವುದು, ಬಿಡುವು ಕೊಟ್ಟು ಮೊದಲಿನಿಂದ ಮತ್ತೆ ನೋಡುವುದು ನೆರವಾಗುತ್ತದೆ. ಎರಡನೆಯ ಸಲ ನೋಡುವಾಗ ಮುಂದೇನು ಎಂಬ ಧಾವಂತವಿಲ್ಲದ್ದರಿಂದ ಮೊದಲು ಕಣ್ಣಿಗೆ ಬೀಳದ ನಟನೆ, ಸಂಗೀತ, ಬೆಳಕು ಕಾಣಿಸುತ್ತವೆ. ವಾರಗಟ್ಟಲೆ ಊಟ ನಿದ್ದೆ ಕೆಡುವಂತಿದ್ದರೆ ಸರಣಿ ಬರಿಯ ನೆಪವಾಗಿದ್ದು ಒಂಟಿತನವೋ ಬೇರೆ ಕೊರಗೋ ಒಳಗಿರಬಹುದು. ಅಂಥ ಹೊತ್ತಿನಲ್ಲಿ ವೈದ್ಯರನ್ನು ಕಾಣುವುದು ಸರಿಯಾದ ದಾರಿ.

ಇಂದಿನ ಮಕ್ಕಳ ಅನುಭವ ಬೇರೆ ಬಗೆಯದು. ಬೇಸಿಗೆ ರಜೆಯ ಒಂದೇ ವಾರದಲ್ಲಿ ಹ್ಯಾರಿ ಪಾಟರ್‌ನ ಎಂಟೂ ಚಿತ್ರಗಳನ್ನು ನೋಡಿ ಮುಗಿಸುವ ಹನ್ನೆರಡರ ಹುಡುಗಿಯೂ ಕೊನೆಯಲ್ಲಿ ಅಳುತ್ತಾಳೆ. ಕರುಣರಸದ ಪಾಲು ಅವಳಿಗೆ ಪೂರ್ತಿಯಾಗಿಯೇ ಸಿಗುತ್ತದೆ, ಪಾತ್ರಗಳ ಮೇಲಿನ ಅಕ್ಕರೆಯೂ ಸುಳ್ಳಲ್ಲ. ಆದರೆ ಸೋಮವಾರದಂದು ಹ್ಯಾರಿಗೆ ಹನ್ನೊಂದು, ಭಾನುವಾರ ಹದಿನೇಳು ಆಗಿರುವಾಗ, ಅವಳು ಮಾತ್ರ ಏಳು ದಿನಗಳಷ್ಟೇ ದೊಡ್ಡವಳಾಗಿರುತ್ತಾಳೆ. ಅವಳಿಗಿಂತ ಹದಿನೈದು ವರ್ಷ ದೊಡ್ಡವಳಾದ ಅಕ್ಕನಿಗೆ ಅದೇ ದೃಶ್ಯ ಮಾಡಿದ್ದನ್ನು ಅದು ಇವಳಿಗೆ ಮಾಡಲಾರದು. ಈ ವ್ಯತ್ಯಾಸ ನಿರ್ಮಾಪಕರಿಗೆ ತಿಳಿಯದ್ದಲ್ಲ. ಅದೇ ಏಳು ಪುಸ್ತಕಗಳನ್ನು ಹೊಸ ನಟರೊಂದಿಗೆ ದೂರದರ್ಶನ ಸರಣಿಯಾಗಿ ಮಾಡುವುದಾಗಿ 2023ರ ಏಪ್ರಿಲ್‌ನಲ್ಲಿ ಘೋಷಿಸುವಾಗ, ಅದು ಒಂದು ದಶಕ ನಡೆಯುವ ಸರಣಿಯೆಂದೇ ಅವರು ಹೇಳಿಕೊಂಡರು. ಕಥೆ ಎಲ್ಲರಿಗೂ ಗೊತ್ತು, ಹಳೆಯ ಚಿತ್ರಗಳು ಎಲ್ಲರ ಕೈಯಲ್ಲೂ ಇವೆ. ಅವರು ಮಾರಲು ಹೊರಟಿರುವುದು ಆ ಹತ್ತು ವರ್ಷಗಳನ್ನು.